ಹದಿಮೂರು ಜನರ ಏಕಾಂತ

ಮಿಮೂನ್ ಮರುಭೂಮಿಯಂಚಿನ ಮೆರ್ಝೂಗಾ ಊರಿನ ಮರಳುದಿಬ್ಬಗಳಿಗೆ ಅತಿಥಿಗಳನ್ನು ಒಂಟೆಯ ಮೇಲೆ ಕರೆದೊಯ್ಯಲು ಶುರುಮಾಡಿ ಇಪ್ಪತ್ತೆಂಟು ವರ್ಷವಾಗಿತ್ತು. ಜಂಬ ಪಡಲು ಅವನಿಗಿದ್ದದ್ದು ಎರಡೇ ಸಂಗತಿ. ಅತಿಥಿಗೆ ಕೊಟ್ಟ ಮಾತಿಗೆ ತಪ್ಪಿದವನಲ್ಲ, ಅತಿಥಿಯನ್ನು ಒಂಟಿಯಾಗಿ ಬಿಟ್ಟವನಲ್ಲ. ಇವೆರಡೂ ಒಂದಿನ ಜಗಳಕ್ಕೆ ನಿಲ್ಲುತ್ತವೆಂದು ಆ ಪುಣ್ಯಾತ್ಮ ಕನಸಲ್ಲೂ ಎಣಿಸಿರಲಿಲ್ಲ.

ಫೋನ್ ಮಾಡಿದವಳು ಕಾಸಾಬ್ಲಾಂಕಾದ ರಕಿಯಾ, ಆಸ್ಪತ್ರೆಯೊಂದರ ಹೆಡ್ ನರ್ಸ್. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಯಾರೂ ಕೂಗಿ ಎಬ್ಬಿಸದ ರಾತ್ರಿಯನ್ನೇ ಆಕೆ ಕಂಡಿರಲಿಲ್ಲ. ವಾರ್ಡಿನಲ್ಲಿ ರೋಗಿಗಳು, ಮನೆಯಲ್ಲಿ ಅತ್ತೆ, ಗಂಡ, ಮಕ್ಕಳು. ದಿಬ್ಬದ ಮೇಲೆ ಒಂದೇ ಒಂದು ರಾತ್ರಿ ಒಬ್ಬಳೇ ಮಲಗಬೇಕು, ಹತ್ತಿರದಲ್ಲಿ ಒಂದು ನರಪಿಳ್ಳೆಯೂ ಇರಬಾರದು, ಯಾರೂ ಕರೆಯಬಾರದು ಎಂದಳು. ಆ ದನಿಯ ದಣಿವಿಗೆ ಮಿಮೂನ್ ಕರಗಿಹೋದ. ಹಿಂದುಮುಂದು ನೋಡದೆ ಮಾತು ಕೊಟ್ಟುಬಿಟ್ಟ.

ಹಿಟ್ಟು ನಾದುತ್ತಿದ್ದ ಹೆಂಡತಿ ತೂದಾ ಕೈ ನಿಲ್ಲಿಸಿದಳು.

"ನಂಬ್ಕೊಂಡು ಬಂದೋಳನ್ನ ಮರಳಲ್ಲಿ ಒಬ್ಳೇ ಮಲಗಿಸಿ ಬರ್ತೀಯಾ? ನಾಳೆ ಬಾವಿ ಹತ್ರ ನಾನು ಮುಖ ತೋರಿಸ್ಬೇಕೋ ಬೇಡ್ವೋ?"

"ಮಾತು ಕೊಟ್ಟಾಗಿದೆ ಕಣೇ."

"ಕೊಟ್ಟಿರು, ಯಾರು ಬೇಡಾಂದ್ರು? ಅವಳು ಒಬ್ಳೇ ಇರ್ಲಿ. ಜೊತೆಗೆ ನಾವೂ ಇರೋಣ."

ಮಿಮೂನ್ ಲೋಟಗಳನ್ನು ಎಳೆದುಕೊಂಡು ಕೂತ. ಚಹಾದ ತಟ್ಟೆಯ ಮೇಲೆ ಯೋಜನೆ ತಯಾರಾಯಿತು. ಒಂದು ಲೋಟ ಅತಿಥಿ, ಸಕ್ಕರೆಯ ಉಂಡೆ ದಿಬ್ಬ, ಅದರ ಹಿಂದಿನ ಎರಡು ಲೋಟ ಗಂಡ ಹೆಂಡತಿ. ತೂದಾಳ ತಾಯಿ ಫದ್ಮಾ ಮೂರನೆಯ ಲೋಟವನ್ನು ತಾನೇ ಇಟ್ಟಳು. ಹೆಂಗಸೊಬ್ಬಳು ಅಷ್ಟು ಒಂಟಿಯಾಗಿರುವಾಗ ಹಿರಿಯರೊಬ್ಬರು ಬೇಡವೇ ಎಂದು ಅವಳ ವಾದ. ಸುದ್ದಿ ತಿಳಿದ ಮಿಮೂನನ ತಮ್ಮ, ತನ್ನನ್ನು ಕರೆಯಲಿಲ್ಲವೆಂದು ಮುಖ ಊದಿಸಿಕೊಂಡ. ಅವನನ್ನು ಸಮಾಧಾನ ಮಾಡಿದ್ದಕ್ಕೆ ಅವನ ಹೆಂಡತಿ ಮಕ್ಕಳೂ ಬಂದರು. ಪಕ್ಕದ ಮನೆಯವರು ರೊಟ್ಟಿ ಸುಡಲು ಒಪ್ಪಿದರು, ಆದರೆ ರೊಟ್ಟಿಯ ಜೊತೆ ತಾವೂ ಬರುವುದಾಗಿ ಹೇಳಿದರು. ಮನೆಯ ಲೋಟಗಳು ಸಾಲದೆ ಹೊರಗಿಂದ ತರಬೇಕಾಯಿತು. ಕೊನೆಗೆ ರಕಿಯಾಳ ಏಕಾಂತಕ್ಕೆ ಹದಿಮೂರು ಜನ ಸಿದ್ಧರಾದರು.

ಮಿಮೂನ್ ಕಟ್ಟುನಿಟ್ಟು ಮಾಡಿದ. ಕೆಮ್ಮು ಬಂದರೆ ಕಂಬಳಿಯೊಳಗೆ ಕೆಮ್ಮಬೇಕು. ಜಗಳ ಕೈಸನ್ನೆಯಲ್ಲೇ ಆಡಬೇಕು. ಏನೇ ಆದರೂ ಆಕೆಯನ್ನು ಕರೆಯುವಂತಿಲ್ಲ. ಹಿಂದಿನ ದಿನ ಎಲ್ಲರನ್ನೂ ದಿಬ್ಬದ ಹಿಂದೆ ಕೂರಿಸಿ, ತಾನು ಈಚೆ ಮಲಗಿ ಕಿವಿಗೊಟ್ಟು ಪರೀಕ್ಷೆಯನ್ನೂ ಮಾಡಿದ. ಏನೂ ಕೇಳಿಸಲಿಲ್ಲ. ಎಷ್ಟು ಹಾಯಾಗಿತ್ತೆಂದರೆ ಅಲ್ಲೇ ಗೊರಕೆ ಹೊಡೆದ.

ರಕಿಯಾ ಬಂದಳು. ಸಂಜೆ ಅವಳಿಗೆ ಹಾಸಿಗೆ, ನೀರು, ಊಟ ಎಲ್ಲ ಇಟ್ಟು ಎದೆಯ ಮೇಲೆ ಕೈಯಿಟ್ಟು ವಂದಿಸಿ ಹೊರಟ ಮಿಮೂನ್ ದೊಡ್ಡದೊಂದು ಸುತ್ತು ಹಾಕಿ ದಿಬ್ಬದ ಹಿಂದಿನ ಗುಂಪನ್ನು ಸೇರಿಕೊಂಡ. ಆ ಜನರ ಬಾಯಿ ಹುಟ್ಟಿದಾಗಿನಿಂದ ಅಷ್ಟು ಹೊತ್ತು ಮುಚ್ಚಿದ್ದಿಲ್ಲ.

ಬೆಳಗಿನ ಜಾವ ಫದ್ಮಾಳ ಕಾಲಿನ ನರ ಹಿಡಿದುಕೊಂಡಿತು. ನೋವಿಗೆ ಮುದುಕಿ ಮುಸುಕಿನ ಅಂಚು ಕಚ್ಚಿ ಹಿಡಿದಳು, ಕಣ್ಣಲ್ಲಿ ನೀರು ಸುರಿಯಿತು. ತಿಕ್ಕಿದಷ್ಟೂ ಜಾಸ್ತಿಯಾಯಿತು. ದಿಬ್ಬದ ಆಚೆ ಇಪ್ಪತ್ತಾರು ವರ್ಷ ಅನುಭವದ ನರ್ಸ್ ಮಲಗಿದ್ದಾಳೆ. ಕರೆಯಲೇ ಎಂಬಂತೆ ತೂದಾ ಗಂಡನ ಮುಖ ನೋಡಿದಳು. ಮಿಮೂನ್ ಬೇಡವೆಂದು ತಲೆಯಾಡಿಸಿದ. ಅವನಿಗೂ ಅಳು ಬಂದಿತ್ತು. ಮುದುಕಿಯ ಬಾಯಿಂದ ಒಂದು ನಿಟ್ಟುಸಿರು ಹೊರಬಿತ್ತು, ಅಷ್ಟೇ.

ಸ್ವಲ್ಪ ಹೊತ್ತಿಗೆ ದಿಬ್ಬದ ನೆತ್ತಿಯಲ್ಲಿ ರಕಿಯಾ ನಿಂತಿದ್ದಳು. ಕೆಳಗಿದ್ದ ಹದಿಮೂರು ತಲೆಗಳನ್ನೂ ನೋಡಿದಳು. ಇಳಿದು ಬಂದವಳೇ ಮುದುಕಿಯ ಪಾದ ಹಿಡಿದು ಬೆರಳುಗಳನ್ನು ಮೇಲಕ್ಕೆ ಒತ್ತಿದಳು.

"ಯಾರೂ ಕರೀಲಿಲ್ಲಮ್ಮಾ," ಎಂದ ಮಿಮೂನ್, ನಾಚಿಕೆಯಿಂದ ಕುಗ್ಗಿ.

"ಗೊತ್ತು ಕಣಪ್ಪಾ. ನಾನಾಗೇ ಎದ್ದು ಬಂದೆ."

ಫದ್ಮಾಳ ಕಾಲು ಸಡಿಲವಾಯಿತು. ರಕಿಯಾ ಮುದುಕಿಯ ಚಾಪೆಯಲ್ಲೇ ಅವಳ ಪಕ್ಕ ಒರಗಿದಳು, ಹಾಗೇ ನಿದ್ದೆಹೋದಳು. ಸೂರ್ಯ ಹುಟ್ಟಿದ, ಮರಳು ಕಾಯತೊಡಗಿತು. ಅವಳನ್ನು ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ಬಿಸಿಲು ನೆತ್ತಿಗೇರುವವರೆಗೂ ಸರದಿಯ ಮೇಲೆ ನಾಲ್ಕು ನಾಲ್ಕು ಜನ ಕಂಬಳಿಯ ನಾಲ್ಕು ಮೂಲೆ ಹಿಡಿದು, ಉಸಿರೆತ್ತದೆ ಅವಳಿಗೆ ನೆರಳು ಮಾಡಿ ನಿಂತರು.