ಸಾಣೆ ಅಕ್ಕನಿಗೆ ಸಿಕ್ಕ ಒಂದು ಸ್ಟಾರ್

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಮೂರು ಮಹಡಿಯ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ, ಹಿಂದೊಮ್ಮೆ ಸೈಕಲ್ ನಿಲ್ಲಿಸುತ್ತಿದ್ದ ಮೂಲೆಗೆ ಹಲಗೆ ಬಡಿದು ಮಾಡಿಕೊಂಡ ಕೋಣೆಯಿಂದ ಸರ್ ಸರ್ ಎನ್ನುವ ಸದ್ದು ಬರುತ್ತಿದೆ. ಒಳಗೆ ಐವತ್ತಮೂರು ವರ್ಷದ ಹೆಂಗಸೊಬ್ಬರು ತಗ್ಗು ಸ್ಟೂಲಿನ ಮೇಲೆ ಕೂತು, ಒದ್ದೆ ಸಾಣೆಕಲ್ಲಿನ ಮೇಲೆ ಎರಡು ಬೆರಳಗಲದ ಉಳಿಯೊಂದನ್ನು ಹಿಂದೆ ಮುಂದೆ ಆಡಿಸುತ್ತಿದ್ದಾರೆ. ಎಣಿಸಿ ಮೂವತ್ತು ಸಲ. ಆಮೇಲೆ ಉಳಿಯನ್ನು ಮಗುಚಿ, ಅಲಗಿನ ಹಿಂಬದಿಗೆ ಹೆಬ್ಬೆರಳು ಸವರುತ್ತಾರೆ. ಸಾಣೆ ಸರಿಯಾಗಿ ಹತ್ತಿದ್ದರೆ ಅಂಚಿನಲ್ಲಿ ಕೂದಲೆಳೆಯಷ್ಟು ಲೋಹ ಆ ಕಡೆಗೆ ಮಡಚಿಕೊಂಡಿರಬೇಕು. ಅದು ಕಣ್ಣಿಗೆ ಕಾಣುವಂಥದ್ದಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಮತ್ತೆ ಮೂವತ್ತು.

ಬೀದಿಯವರಿಗೆಲ್ಲ ಇವರು ಸಾಣೆ ಅಕ್ಕ. ಗುಜರಿ ಅಂಗಡಿಗಳಲ್ಲಿ ತುಕ್ಕು ಹಿಡಿದು ಬಿದ್ದಿರುವ ಉಳಿ, ಮರ ಹೆರೆಯುವ ರಂದ, ಗರಗಸ, ತೂತು ಕೊರೆಯುವ ಬೈರಿಗೆಗಳನ್ನು ತೂಕಕ್ಕೆ ತಂದು, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಉಜ್ಜಿ, ಹೊಸ ಹಿಡಿ ಕೂರಿಸಿ, ಸಾಣೆ ಹಿಡಿದು, ಆನ್‌ಲೈನ್ ಹರಾಜು ತಾಣದಲ್ಲಿ ಮಾರುವುದು ಇವರ ಕಸುಬು. ದಿನಕ್ಕೆ ಎರಡು ಸಾಮಾನು, ಹೆಚ್ಚೆಂದರೆ ಮೂರು. ಅದಕ್ಕಿಂತ ಜಾಸ್ತಿ ಮಾಡಿದರೆ ಅದು ಸಾಣೆಯಲ್ಲ, ಬರೀ ಕೆರೆಯೋದು ಎನ್ನುತ್ತಾರೆ.

ಹತ್ತೊಂಬತ್ತು ವರ್ಷ ಅವರು ಪೀಠೋಪಕರಣ ಕಾರ್ಖಾನೆಯೊಂದರ ಸಾಣೆ ವಿಭಾಗದಲ್ಲಿದ್ದರು. ಆ ವಿಭಾಗದಲ್ಲಿ ಅವರೊಬ್ಬರೇ ಹೆಂಗಸು. ಮೊಂಡಾದರೆ ಬಿಸಾಡುವಂಥ ಅಲಗುಗಳು ಬಂದಮೇಲೆ ಕಾರ್ಖಾನೆಗೆ ಸಾಣೆಯೇ ಬೇಡವಾಯಿತು. ಅದೇ ಹೊತ್ತಿಗೆ ಮರಗೆಲಸದ ಗಂಡನಿಗೆ ಕೈನಡುಕ ಶುರುವಾಯಿತು. ಒಂದು ದಿನ ಅವರು ತಮ್ಮ ಸಾಮಾನಿನ ಪೆಟ್ಟಿಗೆಯನ್ನು ಹೆಂಡತಿಯ ಮುಂದೆ ಇಟ್ಟು, ಇವು ನನ್ನ ಕೈಯಲ್ಲಿ ಸುಮ್ಮನೆ ಹಾಳಾಗುವುದು ಬೇಡ, ಬಳಸುವವರ ಕೈಗೆ ಹೋಗಲಿ ಎಂದರು. ನಾದಿನಿ ಫೋನಿನಲ್ಲಿ ಫೋಟೊ ತೆಗೆದು ಹರಾಜಿಗೆ ಹಾಕಿದಳು. ಕೊಂಡವನೊಬ್ಬ ಉಳಿ ಕೈಸೇರಿದ ಮೇಲೆ ಒಂದು ಪ್ರಶ್ನೆ ಕಳಿಸಿದ: ಉಳಿ ಸರಿ, ಆದರೆ ಇದಕ್ಕೆ ಸಾಣೆ ಹಿಡಿದವರು ಯಾರು? ಆ ಪ್ರಶ್ನೆಯಿಂದ ಹುಟ್ಟಿದ ಕಸುಬಿಗೆ ಈಗ ಏಳು ವರ್ಷ.

ಮೂವರಲ್ಲಿ ಕೆಲಸ ಹಂಚಿಕೆಯಾಗಿದೆ. ಗುಜರಿ ರಾಶಿಯಿಂದ ಒಳ್ಳೆಯ ಕಬ್ಬಿಣ ಹೆಕ್ಕುವುದು ಗಂಡನದು. ಕೈ ನಡುಗಿದರೂ ಕಣ್ಣು ನಡುಗುವುದಿಲ್ಲ. ಫೋಟೊ, ಬರಹ, ಪಾರ್ಸೆಲ್ ನಾದಿನಿಯದು. ಬರೆಸುವುದು ಮಾತ್ರ ಸಾಣೆ ಅಕ್ಕ, ಅದೂ ಕುಂದುಗಳಿಂದಲೇ ಶುರು. 'ಹಿಡಿಯಲ್ಲಿ ಕೂದಲೆಳೆಯಂಥ ಬಿರುಕಿದೆ. ಎಡಮೂಲೆಯಲ್ಲಿ ಹಳೇ ತುಕ್ಕಿನ ಗುಳಿ, ಹೋಗುವುದಿಲ್ಲ.' ಅಷ್ಟಾದ ಮೇಲೆ ಉಳಿದ ವಿವರ. ಹೀಗೆ ಬರೆದರೆ ಯಾರು ಕೊಳ್ಳುತ್ತಾರೆ ಅತ್ತಿಗೆ ಎಂದು ನಾದಿನಿ ಮೊದಮೊದಲು ಗೊಣಗುತ್ತಿದ್ದಳಂತೆ. ಈಗ ಅವಳೇ ಭೂತಗನ್ನಡಿ ಹಿಡಿದು ಕುಂದು ಹುಡುಕುತ್ತಾಳೆ.

ಈ ತಾಣದಲ್ಲಿ ಕೊಂಡವರು ಮಾರಿದವರಿಗೆ ಸ್ಟಾರ್ ಕೊಡುತ್ತಾರೆ, ಮಾರಿದವರೂ ಕೊಂಡವರಿಗೆ ಕೊಡುತ್ತಾರೆ. ಹಾಗಾಗಿ ಮಾರುವವರಲ್ಲಿ ಒಂದು ಚಾಳಿ ಬೆಳೆದಿದೆ. ಗಿರಾಕಿ ಐದು ಸ್ಟಾರ್ ಕೊಡುವ ತನಕ ತಮ್ಮದನ್ನು ಮುಷ್ಟಿಯಲ್ಲಿ ಬಿಗಿಹಿಡಿದಿರುವುದು. ಅವನು ಕಡಿಮೆ ಕೊಟ್ಟರೆ ಇವರೂ ಕಡಿಮೆ ಕೊಟ್ಟು, 'ನೀನು ತೆಗಿ, ನಾನೂ ತೆಗೀತೀನಿ' ಎಂದು ರಾಜಿಗೆ ಕರೆಯುವುದು. ಸಾಣೆ ಅಕ್ಕ ಮಾತ್ರ ಹಣ ಬಂದ ಗಳಿಗೆಯಲ್ಲೇ ಗಿರಾಕಿಗೆ ಐದು ಸ್ಟಾರ್ ಕೊಟ್ಟುಬಿಡುತ್ತಾರೆ.

"ಅವರು ಮಾಡ್ಬೇಕಾದ್ದು ಹಣ ಕಟ್ಟೋದು. ಕಟ್ಟಿದ್ರು, ಮುಗೀತು. ನನ್ನ ಕೆಲಸಕ್ಕೆ ಅವರು ಏನು ಕೊಡ್ತಾರೆ ಅಂತ ನೋಡ್ಕೊಂಡು ಅವರ ಕೆಲಸಕ್ಕೆ ನಾನು ಅಂಕ ಕೊಡೋದು ಯಾವ ನ್ಯಾಯ?" ಎನ್ನುವುದು ಅವರ ಪ್ರಶ್ನೆ.

ಎದುರು ಸಾಲಿನಲ್ಲಿ ಹಳೇ ಫೋನುಗಳ ವ್ಯಾಪಾರಿಯೊಬ್ಬರಿದ್ದಾರೆ. ಕೊರಳಲ್ಲಿ ಸದಾ ವೈರು ನೇತಾಡುವುದರಿಂದ ಅವರನ್ನು ಎಲ್ಲರೂ ಚಾರ್ಜರ್ ಎಂದೇ ಕರೆಯುವುದು. ಅದೇ ತಾಣದಲ್ಲಿ ದಿನಕ್ಕೆ ಇನ್ನೂರು ಫೋನು ಮಾರುತ್ತಾರೆ. ಅಕ್ಕನ ಪದ್ಧತಿ ಕಂಡು ಅವರಿಗೆ ನಗು. ಜುಟ್ಟು ಗಿರಾಕಿ ಕೈಗೆ ಕೊಟ್ಟು ವ್ಯಾಪಾರ ಮಾಡುವವರನ್ನು ಇಲ್ಲೇ ನೋಡಿದ್ದು ಎಂದು ಹಾಸ್ಯ ಮಾಡುತ್ತಿದ್ದರು. ಕಳೆದ ವರ್ಷ ಅವರ ಮಾತು ನಿಜವಾಗುವ ಹಾಗೇ ಕಂಡಿತು.

ಒಂದೇ ವಾರದಲ್ಲಿ ಎರಡು ಪೆಟ್ಟು ಬಿದ್ದವು. ಮೊದಲನೆಯದು ಎರಡು ಸ್ಟಾರ್. ಜೊತೆಗೆ ಬರೆದದ್ದು: 'ಉಳಿ ತುಂಬಾ ಚೆನ್ನಾಗಿದೆ. ಪಾರ್ಸೆಲ್ ಒಂಬತ್ತು ದಿನ ತಡ.' ತಡ ಮಾಡಿದವರು ಪಾರ್ಸೆಲ್ ಕಂಪನಿಯವರು, ಅಂಕ ಹೋದದ್ದು ಸಾಣೆಯವರದು. ಅದನ್ನು ನಕ್ಕು ಬಿಟ್ಟರು. ಎರಡನೆಯದು ಒಂದೇ ಸ್ಟಾರ್. ಒಂದು ರಂದಕ್ಕೆ ಬಂದದ್ದು. ಅದರ ಕೆಳಗೆ ಎರಡೇ ಪದ: 'ಮೊಂಡು. ಮೋಸ.'

ಆ ರಂದದ ಅಲಗನ್ನು ಸಾಣೆ ಅಕ್ಕ ತಮ್ಮ ಮುಂಗೈ ಮೇಲೆ ಪರೀಕ್ಷಿಸಿ ಕಳಿಸಿದ್ದರು. ಒಂದು ಎಳೆ ಕೂದಲೂ ಉಳಿದಿರಲಿಲ್ಲ. ಮೋಸ ಎಂಬ ಪದ ಓದಿದ ದಿನ ಅವರು ಕಲ್ಲಿನ ಮುಂದೆ ಕೂತರಂತೆ, ಕೈ ಮಾತ್ರ ಓಡಲಿಲ್ಲ. ಕಾರ್ಖಾನೆಯ ಹತ್ತೊಂಬತ್ತು ವರ್ಷದಲ್ಲಿ ಮೇಸ್ತ್ರಿಗಳು ನಿಧಾನ ಅಂದಿದ್ದರು, ಹಟಮಾರಿ ಅಂದಿದ್ದರು. ಅಲಗು ಮೊಂಡು ಅಂದಿರಲಿಲ್ಲ. ಮೋಸ ಅಂತೂ ಯಾರೂ ಅಂದಿರಲಿಲ್ಲ.

ಪೆಟ್ಟು ಮನಸ್ಸಿಗಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ತಾಣ ಎಣಿಸುವುದು ಕೊನೆಯ ತೊಂಬತ್ತು ದಿನದ ಅಂಕಗಳನ್ನು ಮಾತ್ರ. ನೂರಕ್ಕೆ ತೊಂಬತ್ತೆಂಟಕ್ಕಿಂತ ಇಳಿದರೆ ಹೆಸರಿನ ಪಕ್ಕದ 'ನಂಬಿಕಸ್ಥ ಮಾರಾಟಗಾರ' ಎಂಬ ಗುರುತು ಹೋಗುತ್ತದೆ, ಸಾಮಾನು ಪಟ್ಟಿಯ ತಳ ಸೇರುತ್ತದೆ. ಮೂರು ತಿಂಗಳಲ್ಲಿ ಅಕ್ಕ ಮಾರುವುದು ನೂರೆಂಬತ್ತರ ಆಸುಪಾಸು, ಅಂಕ ಕೊಡುವ ತೊಂದರೆ ತೆಗೆದುಕೊಳ್ಳುವವರು ಅದರಲ್ಲಿ ಅರ್ಧ. ಆಗ ಅವರ ಲೆಕ್ಕದಲ್ಲಿದ್ದದ್ದು ತೊಂಬತ್ತು ಅಂಕ, ಕೆಟ್ಟವು ಎರಡು. ನಾದಿನಿ ಭಾಗಿಸಿ ನೋಡಿದಾಗ ತೊಂಬತ್ತೇಳೂ ಮುಕ್ಕಾಲು ಬಂತು, ಗುರುತು ಹೋಯಿತು. ತಿಂಗಳಿಗೆ ನಲವತ್ತು ದೂರು ಬರುವ ಚಾರ್ಜರ್‌ಗೆ ಗುರುತು ಹಾಗೇ ಇತ್ತು. ಸಾವಿರಗಟ್ಟಲೆ ಫೋನುಗಳ ನಡುವೆ ಆ ನಲವತ್ತು ಹೊಳೆಗೆ ಬಿದ್ದ ಹಿಡಿ ಉಪ್ಪಿನ ಹಾಗೆ. ಅವರೇ ಅಕ್ಕನ ಕೋಣೆಗೆ ಬಂದು, ಇದು ಸರಿಯಿಲ್ಲ, ನನ್ನ ಗುರುತು ಕಿತ್ತು ನಿಮಗೆ ಕೊಡಬೇಕಿತ್ತು ಎಂದು ತಲೆ ಕೊಡವಿದರು.

ಹನ್ನೊಂದು ಜನ ಕೂಗುತ್ತಿದ್ದ ಹರಾಜಿಗೆ ಒಬ್ಬರು ಬಂದರೆ ಹೆಚ್ಚಾಯಿತು. ಗಂಡನಿಗೆ ಸಿಟ್ಟು ನೆತ್ತಿಗೇರಿತ್ತು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಅವನಿಗೆ ರಂದ ಹಿಡಿಯೋಕೇ ಬರಲ್ಲ ಅಂತ ಎಲ್ಲರಿಗೂ ಕಾಣೋ ಹಾಗೆ ಬರಿ" ಎಂದರು.

"ನೆಲ ನಿಜವಾಗ್ಲೂ ಡೊಂಕಿದೆಯಾ ಅಂತ ನಾವೂ ಒಂದ್ಸಲ ನೋಡ್ಬೇಕಲ್ರೀ" ಎಂದರು ಸಾಣೆ ಅಕ್ಕ. ನಾದಿನಿ ಕೈಯಲ್ಲಿ ಗಿರಾಕಿಗೆ ಎರಡು ಸಾಲು ಬರೆಸಿದರು: ತೊಂದರೆಗೆ ಕ್ಷಮಿಸಿ, ರಂದದ್ದೊಂದು ಫೋಟೊ ಕಳಿಸಿ.

ಎಂಟು ದಿನ ಉತ್ತರವಿಲ್ಲ. ಕೊಂಡಾತ ಬಸ್ ಡ್ರೈವರ್, ಮಗಳಿಗೆ ಪುಸ್ತಕದ ಕಪಾಟು ಮಾಡಲು ಹೊರಟಿದ್ದ. ಜಗಳಕ್ಕೆ ಕರೆಯುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದೆ ಎಂದು ಆಮೇಲೆ ಅವನೇ ಒಪ್ಪಿಕೊಂಡ. ಒಂಬತ್ತನೇ ದಿನ ಫೋಟೊ ಬಂತು. ಹಲಗೆಯ ಮೇಲೆ ಸುರುಳಿ ಸುರುಳಿ ಹೊಟ್ಟು ಇರಬೇಕಾದಲ್ಲಿ ಬರೀ ಪುಡಿ, ಉದ್ದಕ್ಕೂ ಗೀರು. ಸಾಣೆ ಅಕ್ಕ ಫೋನನ್ನು ಗಂಡನ ಕೈಗೆ ಕೊಟ್ಟರು. ಅವರು ಚಿತ್ರ ದೊಡ್ಡದು ಮಾಡಿ ನೋಡಿದರು. ಅಲಗು ತಿರುವುಮುರುವಾಗಿ ಕೂತಿತ್ತು. ಇಳಿಜಾರು ಮುಖ ಕೆಳಗಿರಬೇಕಾದದ್ದು ಮೇಲಿತ್ತು. ಹಾಗಿದ್ದರೆ ಎಂಥಾ ಅಲಗೂ ಮರವನ್ನು ಕೆರೆಯುತ್ತದೆಯೇ ಹೊರತು ನುಣ್ಣಗೆ ಹೆರೆಯುವುದಿಲ್ಲ.

ಮನೆಯಲ್ಲಿ ಎಲ್ಲರಿಗೂ ನಿರಾಳವಾಯಿತು, ಅಕ್ಕನೊಬ್ಬರನ್ನು ಬಿಟ್ಟು. ದಾರಿಯಲ್ಲಿ ಯಾರ ಕೈಯೂ ಕೊಯ್ಯದಿರಲಿ ಎಂದು ಅವರು ಅಲಗನ್ನು ಬಿಚ್ಚಿ ಬೇರೆ ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಾರೆ. ಮತ್ತೆ ಕೂರಿಸುವುದು ಹೇಗೆಂದು ಬರೆದು ಹಾಕಿರಲಿಲ್ಲ. ಕೊಳ್ಳುವವರೆಲ್ಲ ಬಡಗಿಗಳೇ ಎಂದುಕೊಂಡಿದ್ದು ನನ್ನ ತಪ್ಪು, ಆ ಒಂದು ಸ್ಟಾರ್‌ನಲ್ಲಿ ಅರ್ಧ ನನಗೆ ಸಲ್ಲಬೇಕಾದ್ದೇ ಎನ್ನುತ್ತಾರೆ. ಅವತ್ತೇ ನಾದಿನಿಯನ್ನು ನಿಲ್ಲಿಸಿ ಎರಡು ನಿಮಿಷದ ವಿಡಿಯೊ ಮಾಡಿಸಿ ಡ್ರೈವರ್‌ಗೆ ಕಳಿಸಿದರು: ಅಲಗು ಹೀಗೆ, ಬೆಣೆ ಹೀಗೆ, ಸುತ್ತಿಗೆಯ ಮೆಲ್ಲನೆ ಏಟು ಇಲ್ಲಿ. ನೀನು ತಪ್ಪು ಮಾಡಿದೆ ಎಂಬ ಮಾತು ಅದರಲ್ಲೆಲ್ಲೂ ಇಲ್ಲ. ಸಂಜೆ ಡ್ರೈವರ್‌ನಿಂದ ಇನ್ನೊಂದು ಫೋಟೊ ಬಂತು. ಅಂಗೈ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಮರದ ಸುರುಳಿ.

ಮರುದಿನ ಅವನು ಸ್ಟಾರ್ ಬದಲಿಸಲು ಹೋದ. ಅಂಕ ಬದಲಿಸಲು ಏಳೇ ದಿನ ಅವಕಾಶ, ಅದು ಮುಗಿದಿತ್ತು. ತಪ್ಪು ನನ್ನದು ಎಂದು ತಾಣಕ್ಕೆ ಬರೆದ. ಸಾಣೆ ಅಕ್ಕನೂ ಬರೆಸಿದರು. ಇಬ್ಬರಿಗೂ ಎರಡೇ ನಿಮಿಷದಲ್ಲಿ ಒಂದೇ ಉತ್ತರ: ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ಮನುಷ್ಯರು ಓದಿದ್ದರೆ ಇಷ್ಟು ಬೇಗ ಉತ್ತರ ಬರುತ್ತಿರಲಿಲ್ಲ ಎಂದು ಅಕ್ಕ ಈಗ ನಗುತ್ತಾರೆ.

ಅದಾಗಿ ಹತ್ತು ದಿನಕ್ಕೆ ಹರಾಜು ಚುರುಕಾಯಿತು. ಒಂದು ಬೈರಿಗೆಗೆ, ಒಂದು ಗರಗಸಕ್ಕೆ, ಎರಡು ಉಳಿಗಳಿಗೆ ಬೆಲೆ ಏರತೊಡಗಿತು. ನಾದಿನಿ ಕುಣಿದಾಡಿದಳು. ಸಾಣೆ ಅಕ್ಕ ಕೂಗಿದವರ ಪಟ್ಟಿ ತೆಗೆಸಿ ನೋಡಿದರು. ನಾಲ್ಕರಲ್ಲೂ ಡ್ರೈವರ್ ಇದ್ದ. ಬೈರಿಗೆ ಅವನಿಗೇ ಬಿದ್ದಿತ್ತು. ಫೋನ್ ಹಚ್ಚಿಸಿದರು.

"ಬೈರಿಗೆ ಏನಕ್ಕೆ ನಿಮಗೆ?"

"ಏನಾದ್ರೂ ಕೆಲಸಕ್ಕೆ ಬರುತ್ತೆ ಬಿಡಿ ಅಕ್ಕ. ನನ್ನಿಂದ ನಿಮಗೆ ನಷ್ಟ ಆಯ್ತಲ್ಲ."

"ನೋಡಿ ಅಣ್ಣ, ನಿಮ್ಮ ಹಿಂದೆ ಒಬ್ಬ ಬಡಗಿ ಕೂಗ್ತಿದ್ದ. ಅವನಿಗೆ ಅದು ಬೇಕು. ನೀವು ಬೇಡದ ಸಾಮಾನಿಗೆ ಕೂಗಿದ್ರೆ ಅವನು ಜಾಸ್ತಿ ಕೊಡ್ಬೇಕಾಗುತ್ತೆ, ಇಲ್ಲಾ ಕಳ್ಕೊಳ್ಬೇಕಾಗುತ್ತೆ. ನನಗೆ ಒಬ್ಬರು ತಪ್ಪು ಮಾಡಿದ್ರು ಅಂತ ಅವನಿಗೆ ನಾನು ಮಾಡ್ಲಾ?"

ಡ್ರೈವರ್ ಹಿಂದೆ ಸರಿದ. ಬೈರಿಗೆ ಬಡಗಿಗೇ, ಆತ ಕೂಗಿದ್ದ ಬೆಲೆಗೇ ಹೋಯಿತು. ಇದನ್ನು ಹೇಳುವಾಗ ಗಂಡ ಹೆಮ್ಮೆಯಿಂದಲೋ ಹತಾಶೆಯಿಂದಲೋ ಹಣೆ ಚಚ್ಚಿಕೊಳ್ಳುತ್ತಾರೆ. ಬಾಗಿಲಿಗೆ ಬಂದ ಲಕ್ಷ್ಮಿಗೆ ವಿಳಾಸ ತಿದ್ದಿ ಕಳಿಸಿದ ಮಹಾತಾಯಿ ಇವಳು, ಎನ್ನುತ್ತಾರೆ.

ಮೂರು ತಿಂಗಳು ಅವರು ಬೀದಿಯ ದರ್ಜಿಗಳ ಕತ್ತರಿ, ಹೋಟೆಲಿನ ಚಾಕುಗಳಿಗೆ ಸಾಣೆ ಹಿಡಿದರು. ದಿನಕ್ಕೆ ನಲವತ್ತು ಕತ್ತರಿ, ನಿಂತೇ ಕೆಲಸ. ಮಂಡಿ ನೋವು ಅಲ್ಲಿಂದ ಅಂಟಿಕೊಂಡದ್ದು. ಆದರೂ ಬೆಳಗಿನ ಎರಡು ಗಂಟೆ ಉಳಿ, ರಂದಗಳಿಗೇ ಮೀಸಲು. ಯಾರೂ ಕೂಗದಿದ್ದರೂ ಸಾಣೆ ಹಿಡಿದು, ಎಣ್ಣೆ ಸವರಿ ಹಲಗೆ ಮೇಲೆ ಜೋಡಿಸಿಟ್ಟರು. ತೊಂಬತ್ತು ದಿನ ಕಳೆದು ಕೆಟ್ಟ ಅಂಕಗಳೆರಡೂ ಲೆಕ್ಕದಿಂದ ಜಾರಿಬಿದ್ದವು. ಒಂದು ಬೆಳಿಗ್ಗೆ ಗುರುತು ತಾನಾಗಿ ಮರಳಿತ್ತು. ತಾಣದಿಂದ ಒಂದು ಮಾತಿಲ್ಲ, ಕತೆಯಿಲ್ಲ. ಹಲಗೆ ತುಂಬಿದ್ದ ಸಾಮಾನು ಆರು ವಾರದಲ್ಲಿ ಖಾಲಿಯಾಯಿತು.

ಈಗ ಪ್ರತಿ ಪೆಟ್ಟಿಗೆಯಲ್ಲೂ ಅಲಗು ಕೂರಿಸುವ ರೀತಿ ಬರೆದ ಚೀಟಿ ಹೋಗುತ್ತದೆ. ಚಿತ್ರ ಬರೆದವರು ಗಂಡ. ಗೆರೆಗಳು ಸ್ವಲ್ಪ ನಡುಗಿವೆ, ಆದರೆ ಯಾವ ಮುಖ ಮೇಲೆ, ಯಾವುದು ಕೆಳಗೆ ಎಂಬುದರಲ್ಲಿ ಅನುಮಾನವಿಲ್ಲ. ಡ್ರೈವರ್ ಕಪಾಟು ಮುಗಿಸಿ ಫೋಟೊ ಕಳಿಸಿದ್ದ, ಎಷ್ಟು ಸ್ಟಾರ್ ಕೊಡ್ತೀರಿ ಅಕ್ಕ ಎಂದು ಕೇಳಿ. ಮೇಲಿನ ಹಲಗೆ ಸೊಟ್ಟ ಇದೆ, ಮೂರೂವರೆ ಎಂದು ಉತ್ತರ ಹೋಯಿತಂತೆ. ಅವನು ಹಲಗೆ ಬಿಚ್ಚಿ ಮತ್ತೆ ಕೂರಿಸಿದ.

ಗುರುತು ವಾಪಸಾದರೂ ಗಿರಾಕಿಗೆ ಮೊದಲೇ ಐದು ಸ್ಟಾರ್ ಕೊಡುವ ಪದ್ಧತಿ ಬಿಟ್ಟಿಲ್ಲ. ಚಾರ್ಜರ್ ಈಗ ನಗುವುದಿಲ್ಲ, ಆದರೆ ತಮ್ಮ ಚಾಳಿಯನ್ನೂ ಬಿಟ್ಟಿಲ್ಲ. ಅಂಕವೇ ಬೇಡ ಎನ್ನುತ್ತೀರಾ ಎಂದು ಕೇಳಿದರೆ ಸಾಣೆ ಅಕ್ಕ ಕಲ್ಲಿನ ಮೇಲೆ ನೀರು ಚಿಮುಕಿಸುತ್ತಾರೆ.

"ಬೇಕು. ಮುಖ ನೋಡದೆ ಕೊಳ್ಳೋರು ಯಾವ ಧೈರ್ಯದ ಮೇಲೆ ಕೊಳ್ತಾರೆ ಮತ್ತೆ? ಆದ್ರೆ ಈ ತಾಣದೋರು ಪಾರ್ಸೆಲ್ ಬಿಚ್ಚಿದ ದಿನಾನೇ ಅಂಕ ಕೇಳ್ತಾರೆ. ಅವತ್ತು ಪೆಟ್ಟಿಗೆ ಹೇಗಿದೆ ಅಂತ ಗೊತ್ತಾಗುತ್ತೆ, ಉಳಿ ಹೇಗಿದೆ ಅಂತ ಗೊತ್ತಾಗಲ್ಲ. ಒಂದು ವರ್ಷ ಬಿಟ್ಟು ಕೇಳ್ಲಿ. ಕೊಂಡೋರು ಎಷ್ಟು ಕೊಟ್ರೂ ಆಗ ತಗೋತೀನಿ."