ಕಾಲು ಉಳಿಸಿದ ತಪ್ಪಿಗೆ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಹಿಂಬದಿಯ ಪ್ರಯೋಗಾಲಯದಲ್ಲಿ ಆಕೆ ಆಗಲೇ ಗವುಸು ತೊಟ್ಟು, ಗಾಜಿನ ಪರದೆಯ ಹಿಂದಕ್ಕೆ ಕೈಚಾಚಿ ಕೂತಿದ್ದಾರೆ. ಚಪ್ಪಟೆ ಬಾಟಲಿಯೊಂದರಿಂದ ಹಳೆಯ ದ್ರವವನ್ನು ಮೆಲ್ಲಗೆ ಹೀರಿ ತೆಗೆದು, ಗುಲಾಬಿ ಬಣ್ಣದ ಹೊಸ ದ್ರವ ತುಂಬುತ್ತಾರೆ. ಬಾಟಲಿಯ ತಳಕ್ಕೆ ಅಂಟಿಕೊಂಡಿರುವುದು ಯಾರದೋ ಮೊಣಕಾಲಿನ ಜೀವಕೋಶಗಳು. ಬರಿಗಣ್ಣಿಗೆ ಕಾಣವು. "ಕಾಣದಿದ್ರೇನು, ಹಸಿವಾಗಲ್ವಾ?" ಎನ್ನುತ್ತಾರೆ, ತಲೆಯೆತ್ತದೆ.

ಇಲ್ಲಿ ಎಲ್ಲರೂ ಆಕೆಯನ್ನು ಕರೆಯುವುದು 'ಬಾಣಂತಿ ಅಕ್ಕ' ಎಂದು. ಹೊತ್ತುಹೊತ್ತಿಗೆ ಉಣಿಸು, ಬೆಚ್ಚಗಿಡು, ಸೋಂಕು ತಾಗದಂತೆ ಕಾಯು: ದಿನವಿಡೀ ಅದೇ ಕೆಲಸ. ಮನೆಯಲ್ಲಿ ಅತ್ತೆ ಚುಚ್ಚುತ್ತಾರಂತೆ: "ಅಲ್ಲಿರೋ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ಊಟ, ನನ್ನ ಮೊಮ್ಮಗಳಿಗೆ ನಿನ್ನೆಯ ಬ್ರೆಡ್ಡು!" ಇದನ್ನು ಹೇಳಿ ಅಕ್ಕ ತಾವೇ ನಗುತ್ತಾರೆ.

ಆಕೆ ಬೆಳೆಸಿದ ಜೀವಕೋಶಗಳನ್ನು ಜೆಲ್ಲಿಯಂಥ ಅಂಟಿನಲ್ಲಿ ಕಲಸಿ ಬಯೋಪ್ರಿಂಟರ್ ಎಂಬ ಯಂತ್ರಕ್ಕೆ ತುಂಬುತ್ತಾರೆ. ಯಂತ್ರದ ಸೂಜಿಮೂತಿ ಪದರದ ಮೇಲೆ ಪದರ ಎಳೆಯುತ್ತ, ಕೆಳಗೆ ಗಟ್ಟಿ ಮೂಳೆಯಾಗುವ, ಮೇಲೆ ನುಣುಪಾದ ಮೃದ್ವಸ್ಥಿಯಾಗುವ ತೇಪೆಯೊಂದನ್ನು ಮುದ್ರಿಸುತ್ತದೆ. ಕೀಲಿನಲ್ಲಿ ಕುಳಿಬಿದ್ದ ಜಾಗಕ್ಕೆ ಅದನ್ನು ಕೂರಿಸುವುದು ಶಸ್ತ್ರವೈದ್ಯರ ಕೆಲಸ. ಪತ್ರಿಕೆಗಳಲ್ಲಿ ಯಂತ್ರದ ಚಿತ್ರ ಬಂತು, ವೈದ್ಯರ ಚಿತ್ರ ಬಂತು. ಉಣಿಸುವವರಿಲ್ಲದಿದ್ದರೆ ಆ ಯಂತ್ರ ಏನನ್ನು ಮುದ್ರಿಸುತ್ತಿತ್ತು? ಯಾರೂ ಕೇಳಿದಂತಿಲ್ಲ.

ರಕ್ತಪರೀಕ್ಷೆಯ ಅಂಗಡಿಯಲ್ಲಿ ದುಡಿಯುತ್ತಿದ್ದ ಆಕೆ ಇಲ್ಲಿಗೆ ಬಂದು ವರ್ಷಗಳೇ ಆಗಿವೆ. ಇಂದಿಗೂ ಗುತ್ತಿಗೆ ನೌಕರಿ. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದೆ. ಬೆನ್ನು ಚಾಚಲು ಇರುವ ವಿಶ್ರಾಂತಿ ಕೊಠಡಿ ಕಾಯಂ ನೌಕರರಿಗೆ ಮಾತ್ರ. ರಜಾದಿನಗಳಲ್ಲಿ ಗುತ್ತಿಗೆಯವರ ಕಾರ್ಡಿಗೆ ಪ್ರಯೋಗಾಲಯದ ಬಾಗಿಲೇ ತೆರೆಯುವುದಿಲ್ಲ. ಆದರೆ ಯಂತ್ರ ಕೆಟ್ಟರೆ ಕೂಗಿಕೊಳ್ಳುವ ಮೊಬೈಲನ್ನು ಕೊಟ್ಟಿರುವುದು ಆಕೆಯ ಕೈಗೇ!

ಅದು ಕೂಗಿದ್ದು ಕಳೆದ ಚಳಿಗಾಲದ ಒಂದು ರಜೆಯ ಬೆಳಿಗ್ಗೆ. ಜೀವಕೋಶಗಳನ್ನು ಮೈಬಿಸಿಯಲ್ಲಿಡುವ ಪೆಟ್ಟಿಗೆ ತಣ್ಣಗಾಗುತ್ತಿತ್ತು. ಅದರೊಳಗಿದ್ದದ್ದು, ವಿದ್ಯುತ್ ಕಂಬದಿಂದ ಬಿದ್ದು ಮೊಣಕಾಲು ನುಚ್ಚುನೂರಾದ ಎಳೆಯ ಲೈನ್‌ಮನ್‌ನ ಜೀವಕೋಶಗಳು. ಅವು ಸತ್ತರೆ ಅವನ ಕೀಲನ್ನು ಮತ್ತೆ ಕೊಯ್ದು ಹೊಸ ಜೀವಕೋಶ ತೆಗೆಯಬೇಕು. ಕೊಯ್ಯಲು ಉಳಿದಿದ್ದ ಒಳ್ಳೆಯ ಜಾಗವೇ ಅಷ್ಟಕ್ಕಷ್ಟೆ. ಮೇಲಧಿಕಾರಿಗೆ ಫೋನ್ ಮಾಡಿದರೆ, "ನಾಳೆ ಬಂದು ನೋಡೋಣಮ್ಮ" ಎಂಬ ಉತ್ತರ.

ಅಕ್ಕ ನಾಳೆಗೆ ಕಾಯಲಿಲ್ಲ. ಗಂಡನ ಸ್ಕೂಟರ್ ಹತ್ತಿ ಬಂದರು. ಗೇಟಿನ ಕಾವಲುಗಾರ ಕೈ ಅಡ್ಡ ಹಿಡಿದ.

"ಬಿಟ್ರೆ ನನ್ನ ಕೆಲಸ ಹೋಗುತ್ತಕ್ಕಾ."

"ಬಿಡದಿದ್ರೆ ಆ ಹುಡುಗನ ಕಾಲು ಹೋಗುತ್ತಣ್ಣಾ."

ಅವನು ತನ್ನ ಬಳಿಯಿದ್ದ ಕೀಲಿಯಿಂದಲೇ ಬಾಗಿಲು ತೆಗೆದ. ಆಕೆ ಬಾಟಲಿಗಳನ್ನೆಲ್ಲ ಪಕ್ಕದ ಕೋಣೆಯ ಪೆಟ್ಟಿಗೆಗೆ ಸಾಗಿಸಿ, ಸಂಜೆಯವರೆಗೆ ಅಲ್ಲೇ ಕಾದು ಕೂತರು. ಜೀವಕೋಶಗಳು ಉಳಿದವು. ತೇಪೆ ಸಿದ್ಧವಾಯಿತು. ಲೈನ್‌ಮನ್ ಇಂದು ಊರುಗೋಲಿಲ್ಲದೆ ನಡೆಯುತ್ತಾನೆ.

ಅವನು ನಡೆದು ತೋರಿಸಿದ ಸಮಾರಂಭದಲ್ಲಿ, ಪತ್ರಿಕೆಗೆ ವರದಿ ಮಾಡಲು ಹೋಗಿದ್ದ ನಾನೂ ಇದ್ದೆ. ವೇದಿಕೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. 'ನಾಳೆ ನೋಡೋಣ' ಎಂದವರಿಗೂ ಹೂಗುಚ್ಛ! ಅಕ್ಕ ಸಭಾಂಗಣದ ಹಿಂದೆ ನೀರಿನ ಬಾಟಲಿ ಹಂಚುತ್ತಿದ್ದರು. ಅದೇ ವಾರ ಆಕೆಗೆ ನೋಟಿಸು ಬಂತು: ಆ ರಜೆಯ ದಿನ ಅನುಮತಿಯಿಲ್ಲದೆ ಒಳಹೊಕ್ಕಿದ್ದೇಕೆ? ಕಾವಲುಗಾರನನ್ನು ಊರಾಚೆಯ ಗೋದಾಮಿಗೆ ಎತ್ತಿಹಾಕಿದರು. ಮನೆಗೆ ಬಿದ್ದ ಬೆಂಕಿ ಆರಿಸಿದವರಿಗೇ ಬಾಗಿಲು ಮುರಿದ ದಂಡ. ಇದನ್ನು ನಿಯಮ ಎಂದು ಕರೆಯುವವರಿಗೆ ನಾಚಿಕೆಯಾಗಬೇಕು.

ಕ್ಷಮಾಪಣೆ ಬರೆದುಕೊಟ್ಟರೆ ವಿಷಯ ಮುಗಿಸುತ್ತೇವೆ ಎಂದಿದ್ದಾರಂತೆ. ಆಕೆ ಬರೆದಿಲ್ಲ. ನೌಕರಿಗೇ ಕುತ್ತು ಬರಬಹುದು ಎಂಬುದು ಗೊತ್ತಿಲ್ಲದೆ ಅಲ್ಲ. ನಿಮಗೇನು ಬೇಕು ಎಂದು ಕೇಳುತ್ತೇನೆ. ಗವುಸು ಕಳಚುತ್ತ ಹೇಳುತ್ತಾರೆ:

"ನಂಗೆ ಫೋಟೊ ಗೀಟೊ ಬೇಡ ಸಾರ್. ಆ ಅಣ್ಣನ್ನ ವಾಪಸ್ ಈ ಗೇಟಿಗೇ ಹಾಕ್ಲಿ, ಅವರ ಮಕ್ಕಳ ಸ್ಕೂಲು ಇಲ್ಲೇ ಹತ್ರ ಇದೆ. ಇನ್ನು ಕ್ಷಮೆ... ಆ ಹುಡುಗ ನೆಟ್ಟಗೆ ನಡೀತಿದ್ದಾನಲ್ಲ, ಅದನ್ನ ತಪ್ಪಾಯ್ತು ಅಂತ ನಾನು ಹೇಗೆ ಬರೀಲಿ?"