ಅತಿಯಾಗಿ ಹೊಳೆದ ಭರಣಿಗಳು

ಮಡಿಕೆಗೆ ಬಳಿಯಲೆಂದು ಗಂಗಾವತಿಯಿಂದ ಬರುತ್ತಿದ್ದ ಫ್ರಿಟ್ ಪುಡಿಯ ಚೀಲ ಯಾವಾಗಲೂ ಬಾಯಿಮಟ ತುಂಬಿರುತ್ತಿತ್ತು. ಆ ಸಲ ನನ್ನ ಗಂಡ ತಂದು ಇಳಿಸಿದ ಚೀಲ ಅರ್ಧಕ್ಕಿಂತ ತುಸು ಮೇಲೆ ನಿಂತು, ಉಳಿದದ್ದು ಜೋತು ಬಿದ್ದಿತ್ತು. ವ್ಯಾಪಾರಿ ತೂಕದಲ್ಲಿ ಕೈ ಆಡಿಸಿದ್ದಾನೆ ಎಂದೇ ತಿಳಿದೆ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿಸಿದೆ. ತೂಕ ಸರಿಯಿತ್ತು.

“ಸಮಾಧಾನ ಆತಿಲ್ಲೊ?” ಎಂದರು ಗಂಡ.

ಆಗಲಿಲ್ಲ. ತೂಕ ಅಷ್ಟೇ ಇದ್ದು ಚೀಲ ಸಣ್ಣದಾದರೆ ಒಳಗಿನ ಪುಡಿಯೇ ಬೇರೆ ಎಂದಾಯಿತಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೊಪ್ಪಳದ ಅಂಚಿನಲ್ಲಿ, ಕುಷ್ಟಗಿಗೆ ಹೋಗುವ ರಸ್ತೆಯ ಬದಿಗೆ ನಮ್ಮ ಭಟ್ಟಿ. ಗಂಡನ ಮನೆಯವರು ತಲೆತಲಾಂತರದಿಂದ ಗಡಿಗೆ ಮಾಡುವವರು. ನಾನು ಮದುವೆಗೆ ಮುಂಚೆ ಒಂದು ತರಬೇತಿ ಕೇಂದ್ರದಲ್ಲಿ ಗ್ಲೇಜಿನ, ಅಂದರೆ ಮಡಿಕೆಗೆ ಗಾಜಿನ ಹೊದಿಕೆ ಕೊಡುವ ಕೆಲಸ ಕಲಿತಿದ್ದೆ. ಹೀಗಾಗಿ ತಿಗರಿ ಅವರದು, ಗ್ಲೇಜು ನನ್ನದು ಎಂದು ಕೆಲಸ ಹಂಚಿಕೊಂಡಿದ್ದೆವು. ಗಾಜಿನ ಹೊದಿಕೆಯ ಉಪ್ಪಿನಕಾಯಿ ಭರಣಿ ಮಾಡತೊಡಗಿದ ಮೇಲೆ ಗಂಗಾವತಿ, ಕಾರಟಗಿ ಕಡೆಯ ಮನೆಗಳಿಂದ ಕೇಳಿಕೊಂಡು ಬರುವವರು ಹೆಚ್ಚಾದರು.

ಆ ಗಾಜಿಗೆ ಆಧಾರವೇ ಫ್ರಿಟ್. ಬಿಳಿಗಾರವನ್ನು ಹಾಗೇ ಕಲಸಿದರೆ ಸಕ್ಕರೆಯಂತೆ ನೀರಿನಲ್ಲಿ ಕರಗಿ ಮಣ್ಣಿನೊಳಗೆ ಇಂಗಿಹೋಗುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಅದನ್ನು ಮರಳಿನೊಂದಿಗೆ ಮೊದಲೇ ಕರಗಿಸಿ, ಕೆಂಡದಂಥ ಆ ಗಾಜನ್ನು ತಣ್ಣೀರಿಗೆ ಸುರಿದು ಚೂರಾಗಿಸಿ, ನುಣ್ಣಗೆ ಬೀಸುತ್ತಾರೆ. ಆ ಪುಡಿಯೇ ಫ್ರಿಟ್. ಬಿಳಿಗಾರದ್ದೊಂದು ಸಿಗುತ್ತಿತ್ತು, ಸೀಸದ್ದೊಂದು. ಸೀಸದ್ದು ಕಡಿಮೆ ಉರಿಗೇ ಕರಗಿ, ಕೈತಪ್ಪುಗಳನ್ನೆಲ್ಲ ಮುಚ್ಚಿ, ಕನ್ನಡಿಯಂತೆ ಹೊಳೆಯುತ್ತದೆ. ಬಿಳಿಗಾರದ್ದು ಹಟಮಾರಿ. ಉರಿ ಸ್ವಲ್ಪ ಕಡಿಮೆಯಾದರೆ ಮಂಕಾಗುತ್ತದೆ, ಮೈಮೇಲೆ ಸೂಜಿ ಚುಚ್ಚಿದಂಥ ತೂತು ಬೀಳುತ್ತವೆ. ಆದರೂ ನಾನು ಅದನ್ನೇ ಆರಿಸಿಕೊಂಡಿದ್ದೆ. ಹೂಕುಂಡಕ್ಕೆ ಬೇಕಾದರೆ ಸೀಸ ಹಚ್ಚಿ, ಹುಳಿ ತುಂಬುವ ಪಾತ್ರೆಗೆ ಮಾತ್ರ ಬೇಡ, ಹುಳಿ ಅದನ್ನು ಎಳೆದು ಊಟಕ್ಕೆ ಬೆರೆಸುತ್ತದೆ, ಎಷ್ಟೋ ವರ್ಷ ಮೈಯಲ್ಲಿ ಕೂತು ತೊಂದರೆ ಕೊಡುತ್ತದೆ ಎಂದು ನಮಗೆ ಕಲಿಸಿದವರು ಹೇಳಿದ್ದರು.

ಹೊಸ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿದೆ. ತಿರುಗಿ ನೋಡುವಷ್ಟರಲ್ಲಿ ತಳಕ್ಕೆ ಹೋಗಿ ಗಟ್ಟಿಯಾಗಿ ಕೂತಿತ್ತು. ಪುಡಿ ನೀರಿನಲ್ಲಿ ತೇಲಿಕೊಂಡಿರಲಿ ಎಂದು ಬಿಳಿ ಜೇಡಿ ಮಣ್ಣನ್ನು ಎಂದಿಗಿಂತ ಹೆಚ್ಚು ಬೆರೆಸಿದೆ. ಆದರೂ ಕೂತಿತು.

“ಇದು ಬ್ಯಾರೆ ಫ್ರಿಟ್ ಐತಿ ನೋಡ್ರಿ,” ಎಂದೆ.

“ಕಾರ್ಖಾನಿ ಬ್ಯಾರೆ ಅಂತ. ಮೊದಲಿಂದಕ್ಕಿಂತ ಛಲೋ ಐತಿ ಅಂದಾನ ಆತ.”

“ಬಿಳಿಗಾರದ್ದ ಹೌದಲ್ರಿ?”

“ಬಿಳಿಗಾರದ್ದ ಇರಬೇಕ. ಮತ್ತೇನಿರತೈತಿ?”

ನನ್ನ ಮುಖ ನೋಡದೆ ಅವರು ಮಣ್ಣು ತುಳಿಯಲು ಹೋದರು. ಸಂಶಯ ಆಗ ವ್ಯಾಪಾರಿಯನ್ನು ಬಿಟ್ಟು ಗಂಡನ ಕಡೆ ತಿರುಗಿತು. ನನ್ನ ಫ್ರಿಟ್ ಕಟ್ಟಿಗೆ ತಿನ್ನುತ್ತದೆ ಎಂದು ನಮ್ಮಿಬ್ಬರಿಗೂ ಆ ಬೇಸಿಗೆಯೆಲ್ಲ ಜಗಳವಾಗಿತ್ತು. ಜಾಲಿಕಟ್ಟಿಗೆಗಾಗಿ ಯಲಬುರ್ಗಾ ಕಡೆಯವರೆಗೂ ಅವರೇ ಅಲೆಯಬೇಕಿತ್ತು. ಬೇಗ ಕರಗುವುದನ್ನು ಇವರೇ ಕೇಳಿ ತಂದಿರಬಹುದೇ? ಕೇಳದೆ, ಕಲಸಿದ್ದನ್ನೇ ಭರಣಿಗಳಿಗೆ ಬಳಿದೆ.

ಭಟ್ಟಿ ಹಚ್ಚಿದರು. ಹೊತ್ತು ಇಳಿಯುವ ಮುಂಚೆಯೇ ಗ್ಲೇಜು ಕರಗಿತ್ತು, ಕಟ್ಟಿಗೆ ಇನ್ನೂ ರಾಶಿ ಉಳಿದಿತ್ತು. ಆರಿದ ಮೇಲೆ ಬಾಗಿಲು ತೆಗೆದರೆ ಭರಣಿಗಳು ಒಂದಕ್ಕಿಂತ ಒಂದು ಮಿಂಚುತ್ತಿದ್ದವು. ತೂತಿಲ್ಲ, ಬಿರುಕಿಲ್ಲ. ಅತ್ತೆ ಒಂದರಲ್ಲಿ ತಮ್ಮ ಮುಖ ನೋಡಿಕೊಂಡು, “ಈಗ ಕಲತಿ ನೋಡವ್ವಾ,” ಎಂದರು. ಅಷ್ಟು ವರ್ಷ ಯಾರೂ ಹೊಗಳದ ನನ್ನ ಕೆಲಸವನ್ನು ಓಣಿಯವರೆಲ್ಲ ಬಂದು ಹೊಗಳಿದರು. ಹೊಗಳಿದಷ್ಟೂ ಒಳಗೆ ಕಸಿವಿಸಿಯಾಯಿತು. ಇದು ನನ್ನ ಕೈಯ ಹೊಳಪಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಮರುದಿನವೇ ಹೆಚ್ಚಿನ ಭರಣಿಗಳು ಮಾರಾಟಕ್ಕೆ ಕಾರಟಗಿಗೆ ಹೋದವು. ಒಂದನ್ನು ಗಂಡ ಬೇವೂರಿನ ತಮ್ಮ ಅಕ್ಕನಿಗೆ ಕಳಿಸಿದರು. ಒಂದನ್ನು ನಾನು ಇಟ್ಟುಕೊಂಡು, ನಿಂಬೆಹಣ್ಣು ಹಿಂಡಿ ತುಂಬಿ, ಅಡಿಗೆಮನೆಯ ಮೂಲೆಯಲ್ಲಿ ಮುಚ್ಚಿಟ್ಟೆ. ಕೆಲವು ದಿನ ಬಿಟ್ಟು ಚೆಲ್ಲಿ ನೋಡಿದೆ. ರಸ ನಿಂತಲ್ಲಿಯವರೆಗೆ ಹೊಳಪು ಸತ್ತು, ಪೊರೆ ಬಂದ ಕಣ್ಣಿನಂತಾಗಿತ್ತು.

ಒಂದು ಹಿಡಿ ಪುಡಿ ಕಟ್ಟಿಕೊಂಡು ಹಿಂದಿನ ಓಣಿಯ ಬಂಗಾರದ ಕೆಲಸದವರ ಮನೆಗೆ ಹೋದೆ. ಇದನ್ನು ಇದ್ದಿಲ ಮೇಲಿಟ್ಟು ಊದಿ, ಒಳಗಿನಿಂದ ಲೋಹ ಹೊರಬರುತ್ತದೋ ನೋಡಬೇಕು ಎಂದೆ. ಆತ ಗಂಟು ಬಿಚ್ಚದೆ ನನ್ನನ್ನೇ ನೋಡಿದ.

“ಎಲ್ಲಿಂದ ತಂದೀಯವಾ ಇದನ್ನ?”

“ನಮ್ಮ ಗ್ಲೇಜಿನ ಪುಡಿ ಐತ್ರಿ.”

“ಮಡಿಕಿ ಪುಡಿ ನನ್ನ ಕಡೆ ಯಾಕ? ಏನರ ಕರಗಿಸಿ ಗಟ್ಟಿ ಮಾಡೂದಿದ್ರ ನಿನ್ನ ಗಂಡನ್ನ ಕಳಸು.”

ಕದ್ದ ಬಂಗಾರದ ಪುಡಿಯೆಂದು ತಿಳಿದನೋ ಏನೋ. ಕಡೆಗೆ ನಾನೇ ಗಂಟು ಬಿಚ್ಚಿ ಬಿಳಿ ಪುಡಿಯನ್ನು ಅವನ ಮುಂದೆ ಹಿಡಿದು, “ಬಂಗಾರ ಆಗಿದ್ರ ನಾ ನಿಮ್ಮ ಕಡೆ ಬರತಿದ್ದೆನಾ?” ಎಂದ ಮೇಲೆ ನಕ್ಕು ಕೂತ. ಸೋಡಾ ಪುಡಿ ಬೆರೆಸಿ, ಇದ್ದಿಲ ಮೇಲಿಟ್ಟು, ಊದುಗೊಳವೆಯಿಂದ ಉರಿ ಬಿಟ್ಟ. ಪುಡಿ ಕುದಿದು ಕಪ್ಪಾಗಿ, ನಡುವೆ ಸಾಸಿವೆಯಷ್ಟು ಒಂದು ಗುಂಡು ಹೊಳೆಯಿತು. ಆರಿಸಿ ಚಾಕುವಿನಿಂದ ಒತ್ತಿದ. ಬೆಣ್ಣೆಯಂತೆ ತುಂಡಾಯಿತು. ಕಾಗದದ ಮೇಲೆ ಎಳೆದರೆ ಪೆನ್ಸಿಲಿನ ಗೆರೆ.

“ಸೀಸ,” ಎಂದ.

ಆ ಗುಂಡನ್ನು ತಂದು ಗಂಡನ ಅಂಗೈಗೆ ಹಾಕಿದೆ. ಎಲ್ಲಿಂದ ಬಂತೆಂದು ಹೇಳಿದೆ. ಅವರು ಅದನ್ನು ಬೆರಳಿನಿಂದ ಹೊರಳಿಸಿದರು.

“ಲಗೂನ ಕರಗೂದು ಕೊಡು ಅಂತ ಕೇಳಿದ್ದೆ,” ಎಂದರು. “ಒಳಗ ಏನೈತಿ ಅಂತ ಕೇಳಲಿಲ್ಲ.”

“ಯಾಕ ಕೇಳಲಿಲ್ರಿ?”

“ಕೇಳಿದ್ರ ಹೇಳತಿದ್ದ. ಹೇಳಿದ್ರ ತರಾಕ ಬರತಿದ್ದಿಲ್ಲ.”

ಸಿಟ್ಟಿಗಿಂತ ಹೆಚ್ಚಾಗಿ ನನಗೆ ದಣಿವಾಯಿತು. ಅವರು ಎದ್ದು, ಉಳಿದ ಭರಣಿಗಳನ್ನು ಒಂದೊಂದಾಗಿ ಹಿತ್ತಲಿಗೆ ಒಯ್ದು ಒಡೆದರು. ಅದಕ್ಕೂ ಮುಂಚೆ ಹಳೆಯ ಫ್ರಿಟ್ ಬಳಿದು ಸುಟ್ಟ ಭರಣಿಗಳು ನಮ್ಮ ಬಳಿ ಇದ್ದವು. ಅವನ್ನು ಹುಲ್ಲಿನಲ್ಲಿ ಸುತ್ತಿ ಇಬ್ಬರೂ ಕಾರಟಗಿಗೆ ಹೋದೆವು, ಬದಲಿಸಿ ಕೊಡಲು.

ಅಲ್ಲಿ ಆದದ್ದನ್ನು ನಾನು ಎಣಿಸಿರಲೇ ಇಲ್ಲ. ಮೊದಲ ಮನೆಯಲ್ಲಿ ಅಕ್ಕಿ ಗಿರಣಿಯವರ ಹಿರಿಯ ಹೆಂಗಸು ನಮ್ಮ ಮಂಕು ಭರಣಿಯನ್ನೂ ತಮ್ಮ ಹೊಳೆಯುವ ಭರಣಿಯನ್ನೂ ಎದುರುಬದುರು ಇಟ್ಟು ನೋಡಿದರು.

“ಛಲೋದು ಕೊಟ್ಟು ಕೆಟ್ಟದ್ದು ತಗೋ ಅಂತೀಯಲ್ಲ ತಂಗಿ, ಏನ ಮಾಡಾಕ ಹೊಂಟೀ?”

“ಅದರಾಗ ಸೀಸ ಐತ್ರಿ ಅಮ್ಮಾರ. ಹುಳಿ ಕೂಡಿದ್ರ ವಿಷ.”

“ವಿಷ ಇದ್ರ ನೀನ ಯಾಕ ಮಾರಿದಿ?”

“ಆವಾಗ ಗೊತ್ತಿದ್ದಿಲ್ರಿ.”

“ಈಗ ಹ್ಯಾಂಗ ಗೊತ್ತಾತು?” ಆಕೆ ಗಂಡನ ಕಡೆ ತಿರುಗಿದರು. “ಯಾರೊ ಹೆಚ್ಚಿಂದು ಕೊಡತೀನಿ ಅಂದಾರ, ಅಲ್ಲೊ? ಅದಕ್ಕ ತಿರುಗಿ ಒಯ್ಯಾಕ ಬಂದೀರಿ.”

ಸುದ್ದಿ ನಮಗಿಂತ ಮುಂದೆ ಓಡಿತು. ಮುಂದಿನ ಮನೆಗಳಲ್ಲಿ ಭರಣಿ ಒಡೆದಿದೆ ಎಂದರು, ತವರಿಗೆ ಹೋಗಿದೆ ಎಂದರು. ಒಬ್ಬಾಕೆ ನನ್ನೆದುರಿಗೇ ಭರಣಿಗೆ ಸೆರಗು ಮುಚ್ಚಿ ಒಳಗೊಯ್ದಳು. ಅದರಲ್ಲಿ ಏನೋ ಬೆಲೆಬಾಳುವುದು ಬೆರೆತಿದೆ ಎಂಬ ಮಾತು ಹಬ್ಬಿತ್ತು. ಬದಲಿಸಿಕೊಂಡವರು ಕೆಲವೇ ಮಂದಿ. ಉಳಿದವರಿಗೆ, ಉಪ್ಪಿನಕಾಯಿ ಬೇಡ, ಬೇಳೆಕಾಳು ಹಾಕಿಡಿ ಎಂದು ಕೈಮುಗಿದು ಹೇಳಿ ಬಂದೆವು. ಎಷ್ಟು ಜನ ಕೇಳಿದರೋ.

ಬರುವಾಗ ಗಂಗಾವತಿಯಲ್ಲಿ ಇಳಿದು ವ್ಯಾಪಾರಿಯ ಅಂಗಡಿಗೆ ಹೋದೆವು. ಆತ ಮುಚ್ಚಿಡಲಿಲ್ಲ.

“ಸೀಸದ್ದ ಹೌದ್ರಿ. ಲಗೂನ ಕರಗೂದು ಅದ. ನೀವು ಹೂಕುಂಡ ಮಾಡತೀರೊ, ಭರಣಿ ಮಾಡತೀರೊ, ನನಗ ಹ್ಯಾಂಗ ಗೊತ್ತ?”

ಜೊತೆಗೆ ಒಯ್ದಿದ್ದ ಉಳಿದ ಪುಡಿಯ ಚೀಲ ಹಿಂತಿರುಗಿಸಿ, ಬಿಳಿಗಾರದ್ದನ್ನೇ ತಂದೆವು. ಅಂದಿನಿಂದ ಪ್ರತಿ ಚೀಲದ ಬಾಯಿ ಬಿಚ್ಚುವವಳು ನಾನೇ. ಒಂದೇ ಅಳತೆಯ ಲೋಟದಲ್ಲಿ ಹಳೆಯದನ್ನೂ ಹೊಸದನ್ನೂ ತೂಗುತ್ತಿದ್ದೆ, ಮೊದಲು ಚಿಕ್ಕ ಬಿಲ್ಲೆಗೆ ಹಚ್ಚಿ ಸುಟ್ಟು, ನಿಂಬೆರಸದಲ್ಲಿ ನೆನೆಸಿ ನೋಡುತ್ತಿದ್ದೆ. ಗಂಡ ಒಮ್ಮೆಯೂ ಅವಸರ ಮಾಡಲಿಲ್ಲ. ನನಗೂ ಅವರ ಮೇಲಿನ ಸಂಶಯ ಪೂರ್ತಿ ಹೋಗಲು ವರ್ಷಗಳೇ ಹಿಡಿದವು.

ಕೇಳಲು ಹೋದರೆ ಬೇವೂರಿನ ಅಕ್ಕನೂ ಭರಣಿ ಕೊಡಲಿಲ್ಲ. ತಮ್ಮ ಕಳಿಸಿದ್ದನ್ನು ತಮ್ಮನ ಹೆಂಡತಿ ಕಿತ್ತುಕೊಳ್ಳಲು ಬಂದಿದ್ದಾಳೆಂದು ಅವರಿಗೆ. ಬೇಳೆ ಹಾಕಿಟ್ಟಿದ್ದೇನೆ ಎಂದಷ್ಟೇ ಹೇಳಿದರು. ಮುಂದಿನ ಸಲ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಜೋಳದ ರೊಟ್ಟಿಯ ಪಕ್ಕಕ್ಕೆ ಮಾವಿನಕಾಯಿಯ ಉಪ್ಪಿನಕಾಯಿ ಬಡಿಸಿದರು.

“ಯಾವುದರಾಗ ಇಟ್ಟಿದ್ರಿ ಅಕ್ಕಾರ?” ಎಂದೆ.

“ಉಣ್ಣವಾ, ಎಲ್ಲಾ ಯಾಕ ಕೇಳತಿ,” ಎಂದರು.

ಗಂಡ ತಮ್ಮ ತಟ್ಟೆಯ ಹೋಳನ್ನು ಬೆರಳಿನಿಂದ ಅಂಚಿಗೆ ಸರಿಸಿದರು. ನಾನೂ ಸರಿಸಿದೆ. ಅಕ್ಕ ಇಬ್ಬರ ತಟ್ಟೆಯನ್ನೂ ನೋಡಿ, ಸಾರು ತರಲು ಒಳಗೆ ಹೋದರು.